ಮೂಲೆ ತಾಗಿದ ಗಾಜು

ಆ ಕಚೇರಿಯ ಪಾರ್ಕಿಂಗ್‌ನಲ್ಲಿ ಹದಿನೇಳು ವರ್ಷ ಕಾರು ಕಾದ ಹೆಂಗಸನ್ನು ಎಲ್ಲರೂ ಸೀಟಿ ಅಕ್ಕ ಎನ್ನುತ್ತಿದ್ದರು. ಕುತ್ತಿಗೆಯಲ್ಲಿ ಸೀಟಿ, ಕೈಯಲ್ಲಿ ಕೋಲು, ಬಾಯಲ್ಲಿ ಸದಾ ಗದರಿಕೆ. "ಬನ್ನಿ, ಬನ್ನಿ, ಸಾಕು! ಕಣ್ಣು ಮನೇಲಿಟ್ಟು ಬಂದಿದ್ದೀರಾ?" ಎಂದು ದೊಡ್ಡ ದೊಡ್ಡವರನ್ನೇ ದಬಾಯಿಸುತ್ತಿದ್ದಳು. ತನ್ನ ಕಾವಲಿನಲ್ಲಿ ಒಂದು ಕಾರಿಗೂ ಗೀರು ಬಿದ್ದಿಲ್ಲ ಎಂಬುದು ಅವಳ ಹೆಮ್ಮೆ. ಅವಳಿಗಿದ್ದ ಇನ್ನೊಂದು ಹೆಮ್ಮೆ ಅವಳ ಮೈದುನ.

ಮೈದುನನಿಗೆ ಆರು ವರ್ಷವಿದ್ದಾಗ ಅತ್ತೆ ತೀರಿಕೊಂಡರು. ಮಕ್ಕಳಿಲ್ಲದ ಅತ್ತಿಗೆ ಅವನನ್ನೇ ಮಗನ ಹಾಗೆ ಸಾಕಿದಳು. ಕಾರಿಗೆ ಗಾಜು ಕೂರಿಸುವ ನಮ್ಮ ಅಂಗಡಿಯ ಯಜಮಾನರು ಪಾರ್ಕಿಂಗ್‌ಗೆ ಬಂದಾಗಲೆಲ್ಲ ಬೆನ್ನು ಹತ್ತಿ, ಅವನಿಗೆ ಕೆಲಸ ಕೊಡಿಸಿದವಳೂ ಅವಳೇ. ಅಂಗಡಿಯಲ್ಲಿ ನಾನು ಅವನ ಜೊತೆಗಾರ. ಗಾಜಿನ ಒಂದು ತುದಿ ಅವನು ಹಿಡಿದರೆ ಇನ್ನೊಂದು ತುದಿ ನಾನು ಹಿಡಿಯಬೇಕು. ಹಾಗಾಗಿ ಈ ಕಥೆ ಹೇಳುವ ಹಕ್ಕು ನನಗಿದೆ, ಹೇಳುವ ಮುಖ ಮಾತ್ರ ಇಲ್ಲ.

ಕಾರಿನ ಬಾಗಿಲ ಗಾಜಿನ ಜಾತಿಯೇ ಬೇರೆ. ಕೆಂಡದಂತೆ ಕಾಯಿಸಿ, ಒಮ್ಮೆಲೇ ಗಾಳಿ ಹೊಡೆದು ತಣಿಸಿರುತ್ತಾರೆ. ಹೊರಮೈ ಮೊದಲು ಬಿಗಿಯುತ್ತದೆ, ಒಳಮೈ ಆಮೇಲೆ ಎಳೆಯತೊಡಗುತ್ತದೆ. ಆ ಜಗ್ಗಾಟದಲ್ಲೇ ಅದರ ಗಟ್ಟಿತನ. ನಡುವೆ ಗುದ್ದಿದರೆ ಗುದ್ದಿದವನ ಕೈಯೇ ನೋಯುತ್ತದೆ. ಅಂಚಿಗೆ ಅಕ್ಕಿಕಾಳಿನಷ್ಟು ಚಕ್ಕೆ ಎದ್ದಿತೋ, ಅದರ ಆಯುಸ್ಸು ಮುಗಿಯಿತು. ಅಂದೇ ಒಡೆಯಬೇಕೆಂದಿಲ್ಲ. ವಾರ ಬಿಟ್ಟು, ತಿಂಗಳು ಬಿಟ್ಟು, ಬಿಸಿಲಿಗೋ ಬಾಗಿಲು ಬಡಿದ ರಭಸಕ್ಕೋ, ಯಾವ ನೆವವೂ ಇಲ್ಲದೆಯೋ ಢಮ್ಮೆನ್ನುತ್ತದೆ. ಗಿರಾಕಿ ಕಲ್ಲು ಹೊಡೆದವರು ಯಾರು ಎಂದು ಬೀದಿಯೆಲ್ಲ ಹುಡುಕುತ್ತಾನೆ. ನಾವು ಕಾಲ ಕೆಟ್ಟಿದೆ ಎಂದು ತಲೆಯಾಡಿಸಿ ಹೊಸ ಗಾಜು ಹಾಕುತ್ತೇವೆ.

ಅದೇ ಕಚೇರಿಯ ಮ್ಯಾನೇಜರ್ ಕಾರಿಗೆ ಬಾಗಿಲ ಗಾಜು ಹಾಕುವಾಗ ಮೈದುನನ ತುದಿ ಜಾರಿತು. ಕೆಳಗಿನ ಮೂಲೆ ಸಿಮೆಂಟಿಗೆ ತಾಗಿ ಟಿಕ್ ಎಂದಿತು. ಇಬ್ಬರೂ ಬಗ್ಗಿ ನೋಡಿದೆವು. ಚಕ್ಕೆ ಎದ್ದಿತ್ತು.

"ಬಾಗಿಲೊಳಗೆ ಹೋಗೋ ಮೂಲೆ ಕಣೋ, ಯಾರಿಗೆ ಕಾಣುತ್ತೆ?" ಎಂದ. ಆ ತಿಂಗಳು ಅವನು ಆಗಲೇ ಒಂದು ಗಾಜು ಒಡೆದಿದ್ದ. ಇನ್ನೊಂದು ಒಡೆದರೆ ಮನೆಗೆ ಹೋಗು ಎಂದು ಯಜಮಾನರು ಹೇಳಿಬಿಟ್ಟಿದ್ದರು. ನಾನು ನನ್ನ ತುದಿ ಎತ್ತಿದೆ.

ಹದಿನೆಂಟನೆಯ ದಿನ, ಮಧ್ಯಾಹ್ನದ ಸುಡುಬಿಸಿಲಲ್ಲಿ ಆ ಗಾಜು ಸಿಡಿಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂತೆ ಸೀಟಿ ಅಕ್ಕ ಅದರ ಪಕ್ಕದಲ್ಲೇ ಇದ್ದಳು. ಊಟಕ್ಕೆ ಕೂತಿದ್ದ ಕಚೇರಿಯವರೆಲ್ಲ ಕಿಟಕಿಗೆ ಬಂದು ನೋಡಿದರೆ ಕಂಡದ್ದು ಇಷ್ಟೇ: ಒಡೆದ ಗಾಜು, ಕೋಲು ಹಿಡಿದ ಹೆಂಗಸು, ಅವಳ ಕಾಲ ಬಳಿ ದಪ್ಪ ಉಪ್ಪಿನಂತೆ ಚೆಲ್ಲಿದ ಹರಳು.

"ತಾನಾಗೇ ಒಡೀತು ಸಾರ್," ಎಂದಳು.

"ತಾನಾಗೇ ಒಡೆಯೋಕೆ ಅದೇನು ಹೂವಿನ ಮೊಗ್ಗಾ?" ಎಂದರು ಮ್ಯಾನೇಜರ್. ಎಲ್ಲರೂ ನಕ್ಕರು. ಗಾಜಿನವರನ್ನೇ ಕರೆಸಿ ಕೇಳೋಣ ಎಂದರು. ನಾವಿಬ್ಬರೂ ಹೋದೆವು.

ಮೈದುನನನ್ನು ಕಂಡು ಅವಳ ಮುಖ ಅರಳಿತು. "ಇವನನ್ನ ಕೇಳಿ ಸಾರ್, ಮನೇಲಿ ದಿನಾ ಹೇಳ್ತಾನೆ. ಕೋಲಲ್ಲಿ ಹೊಡೆದ್ರೆ ಈ ಗಾಜು ಒಡೆಯೋದೇ ಇಲ್ಲವಂತೆ."

ಅವನು ಹರಳನ್ನು ಬೆರಳಲ್ಲಿ ಉಜ್ಜಿ, ನೆಲ ನೋಡುತ್ತ ಹೇಳಿದ: "ಏಟು ಬಿದ್ದಿದೆ ಸಾರ್."

ಒಂದು ಕ್ಷಣ ಅವಳಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೆ, ಸೆರಗು ಬಿಗಿದು ಕಾರಿನ ಆಚೆ ಬದಿಗೆ ನಡೆದು, ಅಲ್ಲಿದ್ದ ಗಾಜಿನ ನಟ್ಟನಡುವೆ ಕೋಲೆತ್ತಿ ಬಾರಿಸಿದಳು. ಒಂದು, ಎರಡು, ಮೂರು. ಕೋಲೇ ಸೀಳಿಹೋಯಿತು, ಗಾಜು ಅಲ್ಲಾಡಲಿಲ್ಲ. "ನೋಡಿದ್ರಾ?" ಎಂದು ಏದುಸಿರು ಬಿಡುತ್ತ ತಿರುಗಿದಳು.

ನನಗೆ ಒಳಗೊಳಗೇ ಶಿಳ್ಳೆ ಹೊಡೆಯಬೇಕೆನಿಸಿತು. ಆದರೆ ಮೈದುನ ಬುದ್ಧಿವಂತ. ಮಾತಿನ ಮಲ್ಲಿ ಅತ್ತಿಗೆ ಸಾಕಿದವನಲ್ಲವೇ! "ನಡುವೆ ಹೊಡೆದ್ರೆ ಒಡೆಯಲ್ಲ ಸಾರ್. ಅಂಚಿಗೆ ತಾಗಿದ್ರೆ ಒಡೆಯುತ್ತೆ. ಸೆಕೆಗೆ ಅಂತ ಎಲ್ಲಾ ಗಾಜನ್ನೂ ಎರಡು ಬೆರಳು ಇಳಿಸಿದ್ದೀರಲ್ಲ, ಅದರ ಅಂಚೂ ಹೊರಗಿತ್ತು," ಎಂದ. ಒಂದಕ್ಷರವೂ ಸುಳ್ಳಲ್ಲ. ಇಷ್ಟು ಹಸಿ ಸುಳ್ಳನ್ನು ನಾನು ಇನ್ನೆಲ್ಲೂ ಕೇಳಿಲ್ಲ.

"ಅದೆಲ್ಲ ಬಿಡಿ," ಎಂದರು ಮ್ಯಾನೇಜರ್. "ನನ್ನೆದುರೇ ನನ್ನ ಕಾರಿಗೆ ಮೂರು ಏಟು ಹಾಕಿದಳು. ನಾನಿಲ್ಲದಾಗ ಒಂದು ಹಾಕಿರಲ್ವಾ?"

ಅವಳು ನನ್ನ ಕಡೆ ತಿರುಗಿದಳು. "ಗಾಜು ಹಾಕುವಾಗ ನೀನೂ ಇದ್ದೆಯಲ್ಲಪ್ಪಾ. ನೀನಾದ್ರೂ ಹೇಳು."

ಹೇಳಿದ್ದರೆ ಇಬ್ಬರ ಕೆಲಸವೂ ಹೋಗುತ್ತಿತ್ತು. "ನಂಗೊತ್ತಿಲ್ಲ ಅಕ್ಕಾ," ಎಂದು ಪೊರಕೆ ಹಿಡಿದು ಹರಳು ಗುಡಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಆ ಬರೆ ಹಾಕುವವರ ಜೊತೆ ನಿಂತು ನಾನು ಕೆಂಡ ಊದಿದೆ. ಸಂಜೆಯೊಳಗೆ ಅವಳ ಸೀಟಿ ಕಿತ್ತುಕೊಂಡು ಕಳಿಸಿದರು.

ಹತ್ತು ದಿನ ಬಿಟ್ಟು ಅವಳು ಅಂಗಡಿಯ ಹಿಂಬಾಗಿಲಿಗೆ ಬಂದಳು. ಮೈದುನ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದಳು. ಹತ್ತು ದಿನದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಮ್ಮನೆಯವರೂ ಹೇಳ್ತಾರೆ, ನಿನಗೇ ಗೊತ್ತಾಗದ ಹಾಗೆ ಕೋಲು ತಾಗಿರಬೇಕು ಅಂತ," ಎಂದಳು ಮೆಲ್ಲಗೆ. "ನಿದ್ದೆ ಬರ್ತಿಲ್ಲಪ್ಪಾ. ನಿಜ ಹೇಳು, ತಾಗಿರಬಹುದಾ?"

ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು. ಒಳಗೆ ಯಜಮಾನರು ಕೆಮ್ಮಿದರು.

"ತಾಗಿರಬಹುದು ಅಕ್ಕಾ," ಎಂದೆ.

ಅವಳು ಬಾಗಿಲಿಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟಳು. ಮುಖ ಸಡಿಲಾಯಿತು; ಎಷ್ಟೋ ದಿನದ ಜ್ವರ ಬಿಟ್ಟವಳಂತೆ ನಕ್ಕಳು ಕೂಡ.

"ಸದ್ಯ," ಎಂದಳು. "ಹಾಗಾದ್ರೆ ನನ್ನ ಹುಡುಗ ಸುಳ್ಳು ಹೇಳಲಿಲ್ಲ."