ಧರ್ಮಪ್ಪ ಕಟ್ಟಿದ ತಂಬೂರಿ

ನ್ಯಾಮತಿಯಲ್ಲಿ ಧರ್ಮಪ್ಪನೆಂದರೆ ಮೋಟರ್ ರಿಪೇರಿಯವನು. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವುದು ಇಪ್ಪತ್ತು ವರ್ಷಗಳಿಂದ ಅವನ ಕಸುಬು. ಹಾಡು, ಭಜನೆಯ ಗೊಡವೆ ಅವನಿಗಿರಲಿಲ್ಲ. ತತ್ವಪದ ಹಾಡುತ್ತಿದ್ದವಳು ಗೋವಿನಕೋವಿಯಲ್ಲಿದ್ದ ಅವನ ಚಿಕ್ಕಮ್ಮ ಅಂತರಘಟ್ಟಮ್ಮ. ಆಕೆಯ ತಂಬೂರಿಗೆ ಹೊಸ ತಂತಿ ಹಾಕಿಸಲು ಬೈಕಿನಲ್ಲಿ ಹೊನ್ನಾಳಿಗೆ ಹೊರಟವನು, ರಸ್ತೆಯ ಮೇಲೆ ಒಣಹಾಕಿದ್ದ ಮೆಕ್ಕೆಜೋಳದಲ್ಲಿ ಜಾರಿಬಿದ್ದ. ಮೊಣಕೈ ತರಚಿತು. ತಂಬೂರಿಯ ಸೋರೆಬುರುಡೆ ಮೂರು ಚೂರಾಯಿತು.

ಹೊನ್ನಾಳಿಯಲ್ಲಿ ವೀಣೆ, ತಂಬೂರಿಗಳ ಕೆಲಸ ಬಲ್ಲವರು ಅಮೀರ್‌ಜಾನ್ ಸಾಹೇಬರೊಬ್ಬರೇ. ಅವರು ಚೂರುಗಳನ್ನು ನೋಡಿ ಎರಡೂ ಕೈ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

"ವರ್ಷ ಆತು, ಉಳಿ ಹಿಡಿಯಾಕೆ ಆಗಲ್ಲ. ನೀನು ಏನು ಕೆಲಸ ಮಾಡ್ತೀಯಪ್ಪಾ?"

"ಮೋಟರ್ ಕಟ್ತೀನ್ರೀ."

"ಹಂಗಾದ್ರೆ ಕೈಗೆ ಅಭ್ಯಾಸ ಐತೆ. ಕೂತ್ಕ. ನಾನು ಹೇಳ್ತೀನಿ, ನೀನು ಮಾಡು."

ಧರ್ಮಪ್ಪ ಚಿಕ್ಕಮ್ಮನಿಗೆ ಫೋನ್ ಮಾಡಿ, ತಂತಿ ಬರುವುದು ತಡವಾಗುತ್ತದೆಂದು ಸುಳ್ಳು ಹೇಳಿದ. ಅಂಗಡಿಗೆ ರಜೆಯಿದ್ದ ಮಂಗಳವಾರಗಳಲ್ಲಿ ಹೊನ್ನಾಳಿಗೆ ಹೋಗತೊಡಗಿದ. ನಲ್ಲೂರಿನ ಹೊಲವೊಂದರಿಂದ ದೊಡ್ಡ ಸೋರೆಬುರುಡೆ ತಂದ. ಅವಸರಕ್ಕೆ ಬಿದ್ದು ಅದು ಪೂರ್ತಿ ಒಣಗುವ ಮೊದಲೇ ಕೊಯ್ದ, ವಾರದೊಳಗೆ ಸೊಟ್ಟಗಾಯಿತು. ಸಾಹೇಬರು ಬೈಯಲಿಲ್ಲ. ಎರಡನೆಯದನ್ನು ಒಣಗಲು ನಾಲ್ಕು ತಿಂಗಳು ತೂಗುಹಾಕಿಸಿದರು. ಆ ನಾಲ್ಕು ತಿಂಗಳೂ ಧರ್ಮಪ್ಪ ತಂತಿ ಬಿಗಿಯುವ ಬಿರಡೆಗಳನ್ನು ಕೆತ್ತಿದ. ಮೊದಲ ಹನ್ನೊಂದು ನಿಲ್ಲದೆ ಜಾರಿದವು. ಮೋಟರಿನಲ್ಲಿ ತಂತಿ ಒಂದಿಷ್ಟೂ ಅಲುಗಬಾರದು. ಇಲ್ಲಿ ಅಲುಗಲೆಂದೇ ತಂತಿ. ಅದು ಅವನ ಕೈಗೆ ಹತ್ತಲು ಬಹಳ ದಿನ ಹಿಡಿಯಿತು.

ಆರು ತಿಂಗಳಾದ ಮೇಲೆ ತಂಬೂರಿಯನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಗೋವಿನಕೋವಿಗೆ ಒಯ್ದ. ಅಂತರಘಟ್ಟಮ್ಮ ಒಮ್ಮೆ ಮೀಟಿ ಕೈ ನಿಲ್ಲಿಸಿದಳು.

"ಇದು ನನ್ನ ಬುರುಡೆ ಅಲ್ಲ ಕಣೋ."

ಧರ್ಮಪ್ಪ ಎಲ್ಲವನ್ನೂ ಹೇಳಿದ.

"ಒಡೆದಿದ್ದಕ್ಕೆ ಸಿಟ್ಟಿಲ್ಲ. ಆರು ತಿಂಗಳು ಸುಳ್ಳು ಹೇಳ್ದೆಯಲ್ಲ, ನಾನೇನು ನಿನ್ನ ತಿಂದುಬಿಡ್ತಿದ್ನಾ?"

ಅವಳು ಅಂದು ಹಾಡಲಿಲ್ಲ. ಅವನು ಊಟ ಮಾಡಿ, ತಲೆ ತಗ್ಗಿಸಿ ಊರಿಗೆ ಮರಳಿದ. ನಾಲ್ಕನೆಯ ದಿನ ಅವಳದೇ ಫೋನ್ ಬಂತು. "ಎರಡನೇ ತಂತಿ ಇಳೀತೈತೆ. ಬಂದು ಸರಿ ಮಾಡು." ಹೋದ. ಬಿರಡೆಗೆ ಸೀಮೆಸುಣ್ಣದ ಪುಡಿ ಸವರಿ ಬಿಗಿದ. ಅವಳು ಒಂದು ಪದವನ್ನು ಪೂರ್ತಿ ಹಾಡುವವರೆಗೂ ಅಲ್ಲೇ ಕೂತಿದ್ದ. ಪದ ಅರ್ಥವಾಗಲಿಲ್ಲ. ತಂತಿ ಮಾತ್ರ ಇಳಿಯಲಿಲ್ಲ.

ಆಮೇಲೆ ಸಾಹೇಬರು ತಮ್ಮಲ್ಲಿಗೆ ಬಂದವರನ್ನೆಲ್ಲ ನ್ಯಾಮತಿಗೆ ಕಳಿಸತೊಡಗಿದರು. ಹೋದ ವರ್ಷ ಚನ್ನಗಿರಿಯ ಭಜನಾ ಮಂಡಳಿಯೊಂದಕ್ಕೆ ಧರ್ಮಪ್ಪ ಹೊಸ ತಂಬೂರಿಯನ್ನೇ ಕಟ್ಟಿದ. ಕೊಡುವ ಮುಂಚೆ ಹೊನ್ನಾಳಿಗೆ ಒಯ್ದು ತೋರಿಸಿದ. ಸಾಹೇಬರು ಕಣ್ಣು ಮುಚ್ಚಿ ಕೇಳಿದರು. ತಂತಿ ಕೂರುವ ಕುದುರೆ ಬಲಗಡೆ ಕೂದಲೆಳೆಯಷ್ಟು ಎತ್ತರವಿದೆ ಎಂದರು. ಧರ್ಮಪ್ಪ ಅಲ್ಲೇ ಕೂತು, ಕುದುರೆಯನ್ನು ತೇಯಲು ತಂತಿ ಸಡಿಲಿಸಿದ.