ಕೊಸರು ಕೊಡುವ ಮಷಿನ್

ಎರಡು ವಸ್ತುಗಳನ್ನು ಮುಂದಿಟ್ಟು ‘ಒಂದನ್ನು ಆರಿಸು’ ಎಂದರೆ ನನಗೆ ಜ್ವರ ಬಂದಂತಾಗುತ್ತದೆ. ಸಿರಸಿಯ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಸೀರೆ ಬಿಡಿಸಿ ತೋರಿಸುವ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹೋಟೆಲಿನಲ್ಲಿ ‘ಅವರಿಗೇನೋ ನನಗೂ ಅದೇ’ ಎಂದು ಗಂಡನ ಕಡೆ ಕೈ ತೋರಿಸಿ, ಆಮೇಲೆ ಪಕ್ಕದ ಮೇಜಿನವರ ಬನ್ಸನ್ನು ಆಸೆಯಿಂದ ನೋಡುತ್ತಾ ಕೂರುವವಳು ನಾನು. ಮದುವೆಗೆ ಮಾತ್ರ ತಟ್ಟನೆ ಒಪ್ಪಿದೆ, ಏಕೆಂದರೆ ನೋಡಲು ಎರಡನೆಯ ಗಂಡು ಬಂದಿರಲಿಲ್ಲ. ಇಂಥವಳ ಕೊರಳಿಗೆ ನನ್ನ ಅತ್ತೆ ಒಂದು ಆಯ್ಕೆಯ ಕೆಲಸ ಕಟ್ಟಿದರು. ಆರಿಸಬೇಕಾದದ್ದು ಪೆಪ್ಪರಮಿಂಟು ಮಾರುವ ಮಷಿನ್.

ನಗು ಬಂತೇ? ನಗಿ, ನಾನೂ ಮೊದಲು ನಕ್ಕವಳೇ.

ದಾಸನಕೊಪ್ಪದಲ್ಲಿ, ಬನವಾಸಿ ಕಡೆ ಹೋಗುವ ರಸ್ತೆಯ ಪಕ್ಕಕ್ಕೆ, ನಮ್ಮದೊಂದು ಕಿರಾಣಿ ಅಂಗಡಿ ಇದೆ. ನಮ್ಮದು ಎಂದರೆ ನನ್ನ ಅತ್ತೆಯದು. ನಮ್ಮವರು ಬೆಳಿಗ್ಗೆ ಪೇಟೆಯಿಂದ ಸಾಮಾನು ತರುತ್ತಾರೆ, ಸಂಜೆ ಚೀಲ ಎತ್ತಿಡುತ್ತಾರೆ, ನಡುನಡುವೆ ತಾವೇ ಮಾಲೀಕರೆಂದು ತಿಳಿದುಕೊಂಡಿರುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದಿನ ಜಾಗ ಮಾತ್ರ ಅತ್ತೆಯದೇ. ಅವರ ಬೆನ್ನ ಹಿಂದೆ, ತಲೆಯಿಂದ ಮೇಲಿನ ಹಲಗೆಯಲ್ಲಿ, ಬಿಗಿ ಮುಚ್ಚಳದ ಬಾಟಲಿಗಳ ಸಾಲು. ಜೀರಿಗೆ ಪೆಪ್ಪರಮಿಂಟು, ಲಿಂಬೆ ಹುಳಿಯದು, ಕಿತ್ತಳೆ ತೊಳೆಯಂಥದು, ಶುಂಠಿಯದು. ಶುಂಠಿಯದನ್ನು ದೊಡ್ಡವರು ಒಯ್ಯುತ್ತಾರೆ. ಅಂಕೋಲೆ ಕಡೆ ಹೊರಟವರಿಗೆ ಅರಬೈಲ್ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದಲ್ಲ, ಅದಕ್ಕೆ. ಉಳಿದದ್ದೆಲ್ಲ ಮಕ್ಕಳ ಪಾಲು. ಶಾಲೆ ಬಿಟ್ಟಿತೆಂದರೆ ಅಂಗಡಿಯ ಮುಂದೆ ಗುಬ್ಬಿಗಳು ಇಳಿದ ಹಾಗೆ ಗದ್ದಲ. ಊರ ಮಕ್ಕಳಿಗೆಲ್ಲ ಅತ್ತೆ ‘ಆಯಿ’.

ಈ ಮಕ್ಕಳ ಒಂದು ಚಾಳಿ ಹೇಳಬೇಕು. ನಾಣ್ಯ ಕೊಟ್ಟು ಪೆಪ್ಪರಮಿಂಟು ಇಸಿದುಕೊಂಡ ಮೇಲೂ ಅವು ಹೋಗುವುದಿಲ್ಲ. ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತುರಿಸಿಕೊಳ್ಳುತ್ತಾ, ಎಲ್ಲೋ ನೋಡುತ್ತಾ ನಿಲ್ಲುತ್ತವೆ. ಅತ್ತೆಯೂ ಏನೂ ತಿಳಿಯದವರಂತೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾ ಕೂರುತ್ತಾರೆ. ಆಮೇಲೆ ಬಾಟಲಿಗೆ ಮತ್ತೆ ಕೈ ಹಾಕಿ ‘ಹೂಂ, ಹಿಡಿ, ಓಡು’ ಎಂದು ಒಂದು ಕಾಳು ಹೆಚ್ಚಿಗೆ ಅಂಗೈಗೆ ಹಾಕುತ್ತಾರೆ. ಅದೇ ಕೊಸರು.

ಕೊಸರಿನ ಶಾಸ್ತ್ರ ದೊಡ್ಡದು. ತಕ್ಕಡಿ ಸಮಕ್ಕೆ ನಿಂತ ಮೇಲೆ ಕೈಯಿಂದ ಬೀಳುವ ಆ ಇಷ್ಟೇ ಇಷ್ಟು. ಸಂತೆಯಲ್ಲಿ ಬದನೆಕಾಯಿಯ ಮೇಲೆ ಬಂದು ಕೂರುವ ಎರಡು ಎಸಳು ಕರಿಬೇವು. ಹಾಲಿನವಳು ಪಾವು ಅಳೆದಾದ ಮೇಲೆ ಪಾತ್ರೆಗೆ ಸುರಿಯುವ ಒಂದು ಗುಟುಕು. ಇದನ್ನು ಹಕ್ಕಿನಿಂದ ಕೇಳುವ ಹಾಗಿಲ್ಲ, ಕೇಳದೆ ಬಿಡುವ ಹಾಗೂ ಇಲ್ಲ. ಕೊಟ್ಟವರು ಬಡವಾಗುವುದಿಲ್ಲ, ಪಡೆದವರ ಹೊಟ್ಟೆ ತುಂಬುವುದಿಲ್ಲ. ಆದರೂ ಕೊಸರು ಹಾಕದ ಅಂಗಡಿಗೆ ನಾನಂತೂ ಎರಡನೆಯ ಸಲ ಹೋಗುವುದಿಲ್ಲ. ಸಿದ್ದಾಪುರದ ನನ್ನ ತವರಿನಲ್ಲಿ ಹೂವಿನವಳು ಮೊಳ ಹಾಕಿದ ಮೇಲೆ ಇನ್ನೆರಡು ಬೆರಳು ಬಿಟ್ಟು ಕತ್ತರಿಸುತ್ತಿದ್ದಳು. ಆಕೆಯ ಹೆಸರು ಮರೆತಿದ್ದೇನೆ, ಆ ಎರಡು ಬೆರಳು ಮರೆತಿಲ್ಲ.

ಹೀಗಿರುವಾಗ ಅತ್ತೆಯ ಬಲ ಭುಜ ಹಿಡಿದುಕೊಂಡಿತು. ಊಟಕ್ಕೆ ತೊಂದರೆಯಿಲ್ಲ, ಮೆಣಸಿನಕಾಯಿ ಮುರಿಯಲೂ ತೊಂದರೆಯಿಲ್ಲ. ಕೈಯನ್ನು ಹೆಗಲಿಂದ ಮೇಲೆತ್ತಿದರೆ ಮಾತ್ರ ಪ್ರಾಣ ಹೋದಂತೆ. ಸಿರಸಿಯ ಡಾಕ್ಟರು ಕೈ ಎತ್ತಲೇಬೇಡಿ ಎಂದರು. ಕಿರಾಣಿಯಲ್ಲಿ ಉಳಿದ ಸಾಮಾನು ಕೆಳಗಿದೆ, ಪೆಪ್ಪರಮಿಂಟು ಮೇಲಿದೆ. ನಮ್ಮವರು ಅರ್ಧ ನಿಮಿಷದಲ್ಲಿ ತೀರ್ಪು ಕೊಟ್ಟರು. “ಆ ಬಾಟ್ಲಿ ತಗದ ಬಿಡೂಣು ಬಿಡಬೇ. ಅದರಾಗ ಏನ ಸಿಗತೈತಿ?”

ಅತ್ತೆ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಹುಡುಗ್ರು ಬರಲಾರದ ಅಂಗಡ್ಯಾಗ ನಾ ಯಾಕ ಕುಂದರ್ಲಿ? ಹಾಸಗಿ ಹಾಸು ತಮ್ಮಾ, ಒಳಗ ಮಲಕೋತೀನಿ.”

ಸಿಟ್ಟಿನ ಮಾತು ಎಂದುಕೊಂಡೆವು. ಮರುದಿನ ಅವರು ನಿಜಕ್ಕೂ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಇಡೀ ದಿನ ಬಾಯಿ ಮುಚ್ಚದ ಹೆಂಗಸು, ನನ್ನ ಸಿದ್ದಾಪುರದ ‘ಎಂತ’ವನ್ನು ಅಣಕಿಸದೆ ಚಹಾ ಕುಡಿಯದವರು, ಕೇಳಿದ್ದಕ್ಕೆಲ್ಲ ‘ಹೂಂ’ ಅನ್ನತೊಡಗಿದರು. ನನಗೆ ಹೆದರಿಕೆಯಾಯಿತು. ಅತ್ತೆಯ ಬೈಗುಳವನ್ನು ಸಹಿಸಿಕೊಳ್ಳಬಹುದು, ಅವರ ಹೂಂಗುಟ್ಟುವಿಕೆಯನ್ನು ಸಹಿಸಲು ನನ್ನಿಂದಾಗಲಿಲ್ಲ.

ಆಗ ಹೊಳೆದದ್ದೇ ಮಷಿನ್. ಹಿಂದೊಮ್ಮೆ ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರ ಬಾಗಿಲಲ್ಲಿ ನೋಡಿದ್ದೆ. ಮೇಲೆ ಗಾಜಿನ ಬುರುಡೆ, ಅದರ ತುಂಬ ಬಣ್ಣದ ಕಾಳುಗಳು, ಕೆಳಗೆ ನಾಣ್ಯದ ಸಂದು, ಪಕ್ಕದಲ್ಲಿ ಕಿವಿಯಂಥ ತಿರುಪು. ನಾಣ್ಯ ಹಾಕಿ ಕಿವಿ ಹಿಂಡಿದರೆ ಪೆಪ್ಪರಮಿಂಟು ತಾನೇ ಉದುರುತ್ತದೆ. ಎಲ್ಲರೂ ಫೋನು ತೋರಿಸಿ ದುಡ್ಡು ಕೊಡುವ ಈ ಕಾಲದಲ್ಲಿ ನಾಣ್ಯ ಉಳಿದಿರುವುದು ದೇವರ ಹುಂಡಿಯಲ್ಲಿ ಮತ್ತು ಮಕ್ಕಳ ಮುಷ್ಟಿಯಲ್ಲಿ. ಅತ್ತೆ ಕೈ ಎತ್ತಬೇಕಿಲ್ಲ, ಮಕ್ಕಳು ಬರುವುದು ನಿಲ್ಲುವುದಿಲ್ಲ. ಹಾಸಿಗೆಯ ಪಕ್ಕ ಕೂತು ಇದನ್ನೆಲ್ಲ ವರ್ಣಿಸಿದೆ. ಅತ್ತೆ ಗೋಡೆಯಿಂದ ಈಚೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

“ಕೊಸರು ಕೊಡತೈತೇನು?”

“ಕೊಡ್ತದೆ ಅತ್ತೆ” ಅಂದೆ. ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೆ. “ಹಂಗಾರ ನೀನ ನೋಡಿ ಆರಸು” ಎಂದು ಅವರು ಮತ್ತೆ ಗೋಡೆಯ ಕಡೆ ತಿರುಗಿದರು.

ಅಲ್ಲಿಂದ ಶುರುವಾಯಿತು ನನ್ನ ಪಾಡು. ಹುಡುಕಿದಷ್ಟೂ ಮಷಿನ್ನುಗಳು. ಸೋಸಿ ಸೋಸಿ ಎರಡು ಕಂಪನಿಗೆ ಇಳಿಸಿದೆ. ಅವುಗಳ ಇಂಗ್ಲಿಷ್ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ನಿಲ್ಲದ್ದರಿಂದ ಒಂದಕ್ಕೆ ‘ಕೆಂಪು ಟೋಪಿ’, ಇನ್ನೊಂದಕ್ಕೆ ‘ಮೂರು ಹೊಟ್ಟೆ’ ಎಂದು ಹೆಸರಿಟ್ಟೆವು. ಕೆಂಪು ಟೋಪಿ ನೋಡಲು ಚೆಂದ. ದುಂಡನೆಯ ಗಾಜು, ಮೇಲೊಂದು ಕೆಂಪು ಮುಚ್ಚಳ, ಒಂಟಿ ಕಾಲಿನ ನಿಲುವು. ಮೂರು ಹೊಟ್ಟೆಯದು ಚೌಕಾಕಾರದ ಠೊಣಪ. ಮೂರು ಬಗೆಯ ಪೆಪ್ಪರಮಿಂಟು ಹಿಡಿಯುತ್ತದೆ, ರೂಪ ಮಾತ್ರ ಸರಕಾರಿ ಕಪಾಟಿನದು. ನಮ್ಮ ಮಳೆಗಾಲದ ಥಂಡಿಗೆ ಜೀರಿಗೆ ಪೆಪ್ಪರಮಿಂಟು ಹಸಿ ಹಿಡಿದು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಯಾವ ಮಷಿನ್ನಿನ ಮುಚ್ಚಳ ಬಿಗಿ? ಯಾವುದರ ಕಿವಿ ಸಣ್ಣ ಮಕ್ಕಳಿಗೂ ತಿರುಗುತ್ತದೆ? ಯಾವುದರೊಳಗೆ ಇರುವೆ ಹೋಗುವುದಿಲ್ಲ? ಬೆಳಿಗ್ಗೆ ಕೆಂಪು ಟೋಪಿ ಎಂದು ನಿರ್ಧರಿಸುತ್ತಿದ್ದೆ, ಒಗ್ಗರಣೆ ಹಾಕುವಷ್ಟರಲ್ಲಿ ಮೂರು ಹೊಟ್ಟೆಯ ಕಡೆ ವಾಲುತ್ತಿದ್ದೆ. ಒಂದು ದಿನದ ಮಟ್ಟಿಗೆ ತವರಿಗೆ ಹೋದರೆ ಅಲ್ಲೂ ಅದೇ ಜಪ. “ಎಂತದೇ ಅದು, ಬಂದಾಗಿಂದ ಮಷಿನು ಮಷಿನು ಅಂತೀಯಲ್ಲ, ಅನ್ನ ಉಣ್ಣೇ ಮಾರಾಯ್ತಿ” ಎಂದು ಅಮ್ಮ ಗದರಿದಳು.

ಕೊನೆಗೆ ಅತ್ತೆಯ ಹಾಸಿಗೆಯ ಪಕ್ಕದಲ್ಲೇ ಕೂತು, ಅವರಿಗೂ ಕೇಳುವ ಹಾಗೆ ಫೋನಿನ ಸ್ಪೀಕರ್ ಹಾಕಿ, ಮಾರುವವರನ್ನೇ ಕೇಳಿದೆ. ಮೊದಲು ಕೆಂಪು ಟೋಪಿಯವನು.

“ನೋಡ್ರಿ ಮೇಡಂ, ನಮ್ಮದು ಅಂದ್ರ ಪಕ್ಕಾ. ಎಷ್ಟು ಸಲ ತಿರುವಿದ್ರೂ ಅಷ್ಟಕ್ಕಷ್ಟ. ಒಂದ ಕಾಳು ಹೆಚ್ಚಿಗಿ ಬೀಳಂಗಿಲ್ರಿ!”

“ಅಯ್ಯ, ಜಿಪುಣ ಮುಂಡೇದು! ಬ್ಯಾಡ ತಗಿ” ಅಂದರು ಅತ್ತೆ. ಆಚೆ ಕಡೆಯವನಿಗೆ ಕೇಳಿಸಿತೋ ಏನೋ, ನಾನು ಫೋನು ಇಟ್ಟುಬಿಟ್ಟೆ.

ಮೂರು ಹೊಟ್ಟೆಯವನು ಮೆತ್ತಗಿನ ಮನುಷ್ಯ. “ಸುಳ್ಳು ಯಾಕ ಹೇಳ್ಲಿ ಅಕ್ಕಾರ, ಎಲ್ಲಾ ಚಲೋ ಐತಿ. ಆದ್ರ ಸಣ್ಣ ಕಾಳು ಹಾಕಿದ್ರ ಒಮ್ಮೊಮ್ಮೆ ಒಂದು ಹೆಚ್ಚಿಗಿ ಜಾರತೈತಿ. ಒಳಗಿನ ಚಕ್ರದಾಗ ಸ್ವಲ್ಪ ಸಂದಿ ಐತ್ರಿ. ಅದೊಂದ ನೋಡ್ರಿ ಇದರ ದೋಷ.”

ಅತ್ತೆ ಎದ್ದು ಕೂತರು! ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಕಳೆ ಬಂತು. “ಅದನ್ನ ತರಸು” ಎಂದು ಕೈಸನ್ನೆ ಮಾಡಿದರು. ನಾನು ಖಾತ್ರಿ ಮಾಡಿಕೊಳ್ಳಲು ತಿರುಗಿಸಿ ತಿರುಗಿಸಿ ಕೇಳಿದೆ. ಜಾರುವುದು ಹೌದೇ? ದಿನಾಲೂ ಜಾರುತ್ತದೆಯೇ? ಎಲ್ಲ ಮಷಿನ್ನೂ ಹಾಗೆಯೇ? ಆ ಪುಣ್ಯಾತ್ಮ ಎಲ್ಲದಕ್ಕೂ ಹೌದೆಂದ, ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣಗಾಯಿತು. ನಾನು ಕಳಿಸಲು ಹೇಳಿ ಫೋನಿಟ್ಟೆ. ನನ್ನ ಬದುಕಿನಲ್ಲಿ ಒಂದು ವಸ್ತುವನ್ನು ಅದರ ದೋಷಕ್ಕಾಗಿ ಆರಿಸಿದ್ದು ಅದೇ ಮೊದಲು. ಎಷ್ಟು ಸುಲಭವಾಗಿತ್ತು ಎಂದರೆ ಮುಂದೆ ಸೀರೆಯನ್ನೂ ಹೀಗೇ ಆರಿಸಬೇಕು ಅನ್ನಿಸಿತು.

ಮಷಿನ್ ಬಂತು. ನಮ್ಮವರು ಅದನ್ನು ಅಂಗಡಿಯ ಬಾಗಿಲಲ್ಲಿ, ಅತ್ತೆಯ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸಿದರು. ಅತ್ತೆ ಇಳಕಲ್ ಸೀರೆ ಉಟ್ಟು, ಮಷಿನ್ನಿಗೆ ಕುಂಕುಮ ಹಚ್ಚಿ, ತಮ್ಮ ಜಾಗದಲ್ಲಿ ಬಂದು ಕೂತರು. ನಾಣ್ಯ ಹಾಕಿ ಕಿವಿ ಹಿಂಡಿದೆ. ಪೆಪ್ಪರಮಿಂಟು ಉದುರಿತು. ಇನ್ನೊಮ್ಮೆ ಹಿಂಡಿದೆ, ಅಷ್ಟೇ. ಎಷ್ಟು ಸಲ ಹಿಂಡಿದರೂ ಅಷ್ಟಕ್ಕಷ್ಟೇ. ಒಂದು ಕಾಳು ದಾರಿ ತಪ್ಪಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ನಾನು ಮಷಿನ್ನಿನ ಮುಖ ನೋಡಿದೆ. ಗಾಬರಿಯಿಂದ ಮಾರಿದವನಿಗೆ ಫೋನು ಹಚ್ಚಿದೆ.

“ಅಕ್ಕಾರ, ನೀವು ಅಷ್ಟೊಂದು ಸಲ ಕೇಳಿದ್ರಲ್ಲ, ನನಗ ಸಮಾಧಾನ ಆಗಲಿಲ್ಲ ನೋಡ್ರಿ” ಅಂದ ಆತ, ತಾಯಿಯ ಅಕ್ಕರೆಯಲ್ಲಿ. “ಚಕ್ರಕ್ಕ ರಬ್ಬರ್ ಪಟ್ಟಿ ಹಚ್ಚಿ ಸಂದಿ ಮುಚ್ಚಿಸಿ ಕಳಿಸೇನಿ. ಇನ್ನ ಒಂದ ಕಾಳೂ ಜಾರಂಗಿಲ್ಲ. ಅದಕ್ಕ ಹೆಚ್ಚಿಗಿ ರೊಕ್ಕಾ ಏನೂ ಬ್ಯಾಡ್ರಿ, ನಿಮ್ಮ ಸಲುವಾಗಿ ಮಾಡೇನಿ.”

ನೀವೇ ಹೇಳಿ, ಇಂಥವನ ಮೇಲೆ ಸಿಟ್ಟು ಮಾಡುವುದು ಹೇಗೆ? ಅವನೂ ಪಾಪ ತನ್ನ ಕೊಸರನ್ನೇ ಹಾಕಿದ್ದ. ಉಪಕಾರವಾಯಿತು ಎಂದೆ. ಅತ್ತೆ ಸೆರಗನ್ನು ಸರಿಪಡಿಸಿಕೊಂಡು ಒಳಗೆ ಹೋಗಲು ಏಳತೊಡಗಿದರು. ಅಷ್ಟರಲ್ಲಿ ಶಾಲೆ ಬಿಟ್ಟಿತು.

ಮಕ್ಕಳು ಮಷಿನ್ನನ್ನು ಮುತ್ತಿಕೊಂಡವು. ತಿರುವಿದ್ದೇ ತಿರುವಿದ್ದು, ಕೂಗಿದ್ದೇ ಕೂಗಿದ್ದು. ಉದುರಿದ್ದೆಲ್ಲ ಬಾಯಿಗೆ ಹೋಯಿತು. ಇನ್ನೇನು ಓಡಿಹೋಗುತ್ತವೆ ಎಂದುಕೊಂಡೆ. ಒಂದೂ ಹೋಗಲಿಲ್ಲ. ಎಲ್ಲ ಸಾಲಾಗಿ, ಒಂದು ಕಾಲಿನಿಂದ ಇನ್ನೊಂದು ಕಾಲು ತುರಿಸಿಕೊಳ್ಳುತ್ತಾ, ಎಲ್ಲೋ ನೋಡುತ್ತಾ ನಿಂತವು. ಮಷಿನ್ನಿಗೆ ಅಷ್ಟೂ ಮಕ್ಕಳು ಬೆನ್ನು ಮಾಡಿದ್ದವು. ಪಕ್ಕದ ಓಣಿಯ ಭೂಮಿಕಾ, ಇನ್ನೂ ಮುಂದಿನ ಹಲ್ಲು ಬರದ ಪೋರಿ, ಗಲ್ಲಾಪೆಟ್ಟಿಗೆಯ ಮೇಲೆ ಅಂಗೈ ಬಿಚ್ಚಿಟ್ಟೇಬಿಟ್ಟಳು. “ಆಯೀ, ಕೊಸರಾ?”

ಅತ್ತೆ ಮತ್ತೆ ಕೂತರು. ನನ್ನ ಕಡೆ ತಿರುಗಿದರು. “ಸುಮಾ, ಆ ಜೀರಿಗೀದು ಇಳಸಿ ನನ್ನ ತೊಡಿ ಮ್ಯಾಲ ಇಡು. ಲಿಂಬೀದೂ ತಾ. ಮುಚ್ಚಳ ತಗದ ಕೊಡು.”

ತೊಡೆಯ ಮೇಲಿನ ಬಾಟಲಿಯಿಂದ ಅಂಗೈವರೆಗೆ ಕೈ ಎತ್ತುವ ಅಗತ್ಯವೇ ಇಲ್ಲವಲ್ಲ! “ಹೂಂ, ಹಿಡಿ, ಓಡು. ಹೂಂ, ಹಿಡಿ, ಓಡು.” ನಮ್ಮವರು ಮೆಲ್ಲಗೆ ನನ್ನ ಕಿವಿಯಲ್ಲಿ, “ಬಾಟ್ಲಿ ಕೆಳಗ ಇಳಸೋದು ಮೊದಲ ಹೊಳದಿದ್ರ ಮಷಿನ್ ಬೇಕಿರಲಿಲ್ಲಲ್ಲ?” ಎಂದರು. ಅವರಿಗೂ ಹೊಳೆದಿರಲಿಲ್ಲ ಎಂಬುದನ್ನು ನಾನು ಕಣ್ಣಿನಲ್ಲೇ ತಿಳಿಸಿದೆ. ಆದರೆ ಮಷಿನ್ ವ್ಯರ್ಥವಾಯಿತು ಎಂದು ನನಗನ್ನಿಸುವುದಿಲ್ಲ. ಈಗ ಮಾರುವ ಕೆಲಸವನ್ನೆಲ್ಲ ಅದು ನೋಡಿಕೊಳ್ಳುತ್ತದೆ, ಅತ್ತೆ ಬರೀ ಕೊಸರು ಹಾಕುತ್ತಾ ಕೂರುತ್ತಾರೆ. ರಬ್ಬರ್ ಪಟ್ಟಿ ಹಾಗೇ ಇದೆ, ಇರಲಿ.

ಅಂದು ಮಕ್ಕಳೆಲ್ಲ ಹೋದ ಮೇಲೆ ನನಗೂ ಆಸೆಯಾಯಿತು. ನಾಣ್ಯ ಹಾಕಿ, ಕಿವಿ ಹಿಂಡಿ, ಬಂದದ್ದನ್ನು ತಿಂದು, ಅತ್ತೆಯ ಮುಂದೆ ಹೋಗಿ ಒಂದು ಕಾಲಿನಿಂದ ಇನ್ನೊಂದು ಕಾಲು ತುರಿಸಿಕೊಳ್ಳುತ್ತಾ ನಿಂತೆ.

“ನೀ ಮನಿ ಸೊಸಿ, ನಿನಗ್ಯಾಕ ಕೊಸರು?” ಅಂದರು. ನಾನು ಕದಲಲಿಲ್ಲ. ಅವರು ನಕ್ಕು ಬಾಟಲಿಗಳ ಕಡೆ ನೋಡಿದರು. “ಜೀರಿಗೀದೋ, ಲಿಂಬೀದೋ?”

ಅಷ್ಟೇ, ನನಗೆ ಜ್ವರ ಬಂತು. ಜೀರಿಗೆಯದು ನೋಡಿದೆ, ಲಿಂಬೆಯದು ನೋಡಿದೆ, ಮತ್ತೆ ಜೀರಿಗೆಯದು ನೋಡಿದೆ.

“ಎಂತ ಮಾಡೂದು ಇದಕ್ಕ” ಎಂದು ಅತ್ತೆ ನನ್ನನ್ನು ಅಣಕಿಸಿ, ಎರಡನ್ನೂ ನನ್ನ ಅಂಗೈಗೆ ಹಾಕಿದರು.