ಕೇಜು ಹತ್ತದ ಗುರುಗಳು

ಹೋದ ವಾರದ ಅಂಚೆಯಲ್ಲಿ ಬಂಗಾರಪೇಟೆಯಿಂದ ಒಂದು ಆಹ್ವಾನ ಪತ್ರಿಕೆ ಬಂತು. ಯಾರೋ ಸಭಾಪಾಲಕರಿಗೆ ಪದೋನ್ನತಿಯಂತೆ, ಸನ್ಮಾನವಂತೆ. ಅವರ ಹೆಸರನ್ನು ಮುಟ್ಟಬೇಕಾದರೆ ‘ಅತಿ’, ‘ಮಹಾ’, ‘ಪರಮ’, ‘ವಂದನೀಯ’ ಎಂಬ ನಾಲ್ಕು ಮೆಟ್ಟಿಲು ಹತ್ತಬೇಕು. ಏದುಸಿರು ಬಿಡುತ್ತ ಹತ್ತಿ ನೋಡಿದರೆ, ಮೇಲೆ ನಿಂತಿರುವುದು ನನ್ನ ನಿಮ್ಮಂತೆ ನೆಗಡಿ ಬರುವ ಒಬ್ಬ ಮನುಷ್ಯ. ದೇವರನ್ನೇ ‘ನೀನು’ ಎಂದು ಕರೆಯುವ ಧರ್ಮದಲ್ಲಿ ದೇವರ ನೌಕರರಿಗೆ ಇಷ್ಟೊಂದು ಮರ್ಯಾದೆ ಏಕೆಂದು ನೀವೂ ಎಂದಾದರೂ ಯೋಚಿಸಿರಬಹುದು.

ಹತ್ತುವವರ ಸುದ್ದಿ ಬಂದಾಗಲೆಲ್ಲ ನನಗೆ ಇಳಿಯುವವರು ನೆನಪಾಗುತ್ತಾರೆ. ಇಳಿಯುವವರಲ್ಲಿ ಮೊದಲಿಗ ನನ್ನ ಸೋದರಮಾವ ದಾವೀದಪ್ಪ. ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಕಾರ್ಮಿಕರ ಲೈನ್ ಮನೆಯಲ್ಲಿದ್ದ ಅವನು ಹತ್ತು ಆಳುಗಳ ಮೇಸ್ತ್ರಿ. ದಿನವೂ ಕೇಜು ಎಂಬ ಕಬ್ಬಿಣದ ಪಂಜರದಲ್ಲಿ ನಿಂತು, ಭೂಮಿಯ ಹೊಟ್ಟೆಗಿಳಿದು, ಸಂಜೆ ಮೇಲೆ ಬಂದು, ಏನೂ ಆಗದವನಂತೆ ಕೋಳಿಗಳಿಗೆ ಕಾಳು ಹಾಕುತ್ತಿದ್ದ.

ಎಂಬತ್ತರ ದಶಕದ ಮಾತು. ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದ ನಾನು ರಜೆಗೆ ಅವನ ಮನೆಗೆ ಹೋಗಿದ್ದೆ. ‘ಉತ್ತರದಾಯಿತ್ವ’ ಎಂಬ ಪದವನ್ನು ಆಗಷ್ಟೇ ಕಲಿತು, ಹೊಸ ಚಪ್ಪಲಿ ಕೊಂಡವರಂತೆ ಮನೆಯೊಳಗೂ ಮೆಟ್ಟಿಕೊಂಡು ತಿರುಗುತ್ತಿದ್ದೆ. ಸಾರಿಗೆ ಉಪ್ಪು ಮರೆತರೂ ಅತ್ತೆಯಿಂದ ಉತ್ತರದಾಯಿತ್ವ ಕೇಳುತ್ತಿದ್ದೆ.

ಅದಕ್ಕೆ ಹದಿನೈದು ದಿನ ಮುಂಚೆ ಮಾವನ ಗುಂಪಿನ ಅಂಥೋಣಿ ಗಣಿಯೊಳಗೆ ಬಂಡೆ ಕುಸಿದು ಸತ್ತಿದ್ದ. ಅವನ ತಾಯಿ ಕೆಥೋಲಿಕಳು, ಹೆಂಡತಿ ರೋಸಮ್ಮ ಪ್ರಾಟೆಸ್ಟೆಂಟಳು, ಅವನು ಮಾತ್ರ ಒಂದು ವರ್ಷದಿಂದ ಪೆಂತೆಕೋಸ್ತ್ ಸಭೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದ. ಮಣ್ಣಿಗೆ ಮೂವರು ಗುರುಗಳೂ ಬಂದು, ಯಾರು ಮೊದಲು ಪ್ರಾರ್ಥಿಸಬೇಕೆಂದು ಕಣ್ಣಲ್ಲೇ ಚೌಕಾಸಿ ಮಾಡಿ ಮುಗಿಸಿದ್ದರು. ಆದರೆ ಆಳುಗಳು ಪಟ್ಟು ಹಿಡಿದಿದ್ದರು: “ಅವ್ನು ಸತ್ತ ಜಾಗದಾಗೆ ಒಂದು ಪ್ರಾರ್ಥನೆ ಆಗ್ಬೇಕು ಮೇಸ್ತ್ರಿ. ಅಲ್ಲೀಗಂಟ ಡ್ರಿಲ್ಲು ಮುಟ್ಟಾಕಿಲ್ಲ.” ಎಲ್ಲರಿಗಿಂತ ಹೆಚ್ಚು ಪಟ್ಟು ಹಿಡಿದವನು ಮಾವ. ಸೋಮವಾರ ಯಾರಾದರೂ ಒಬ್ಬ ಗುರುಗಳನ್ನು ಕೆಳಗೆ ಕರೆತರಲು ಗಣಿಯ ಅಧಿಕಾರಿ ಒಪ್ಪಿಗೆಯನ್ನೂ ಕೊಟ್ಟಿದ್ದ. ಮೂವರಿಗೂ ಮನವಿ ಬರೆದವಳು ನಾನು. ಒಂದೊಂದರಲ್ಲೂ ಉತ್ತರದಾಯಿತ್ವ ಏಳು ಸಲ ಬಂದಿತ್ತು.

ಫಾದರ್ ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು, ಕಣ್ಣು ಒದ್ದೆ ಮಾಡಿಕೊಂಡರು. “ಆದರೆ ದಾವೀದಪ್ಪ, ಇದಕ್ಕೆ ಬಿಷಪರ ಅಪ್ಪಣೆ ಬೇಕಾಗುತ್ತದೆ” ಎಂದರು.

“ಬಿಷಪ್ ಸ್ವಾಮಿಗಳಿಗೆ ಯಾರ ಅಪ್ಪಣೆ ಬೇಕು ಸ್ವಾಮಿ?”

“ರೋಮಿನದು.”

ದಾರಿಯಲ್ಲಿ ಮಾವ ನಿಟ್ಟುಸಿರು ಬಿಟ್ಟ. “ರೋಮು ಮಾರಿಕುಪ್ಪಂ ರೈಲು ಲೈನಾಗೆ ಸಿಕ್ಕಾಕಿಲ್ಲ ಕಣಮ್ಮ. ಸೋಮವಾರಕ್ಕೆ ಆಗೋ ಕೆಲ್ಸ ಅಲ್ಲ ಇದು.”

ಪ್ರಾಟೆಸ್ಟೆಂಟರ ಅಯ್ಯನವರ ಬಳಿಗೆ ನಾನು ಉತ್ಸಾಹದಿಂದ ಹೋದೆ. ಅಲ್ಲಿ ಚುನಾಯಿತ ಕಮಿಟಿಯಿತ್ತು. ಕಮಿಟಿ ಭಾನುವಾರ ಸೇರಿಯೂ ಸೇರಿತು. ಕಾರ್ಯದರ್ಶಿಯ ಕಡೆಯವರು ಆಗಲಿ ಎಂದರು. ಆದ್ದರಿಂದ ಖಜಾಂಚಿಯ ಕಡೆಯವರು ಕೂಡದು ಎಂದರು. “ನನ್ ಜುಟ್ಟು ಕಮಿಟಿ ಕೈಲಿದೆ ದಾವೀದಪ್ಪ, ನಾನೇನು ಮಾಡ್ಲಿ?” ಎಂದರು ಅಯ್ಯನವರು. ಅವರ ತಲೆಯಲ್ಲಿ ಒಂದೂ ಕೂದಲಿರಲಿಲ್ಲ.

ಪೆಂತೆಕೋಸ್ತ್ ಪಾಸ್ಟರಿಗೆ ಬಿಷಪರೂ ಇಲ್ಲ, ಕಮಿಟಿಯೂ ಇಲ್ಲ. ತಗಡಿನ ಶೆಡ್ಡು ಅವರದೇ, ಸಭೆ ಅವರದೇ, ಮೈಕೂ ಅವರದೇ. “ಬೆಳಿಗ್ಗೆಯಿಂದ ಉಪವಾಸ ಇದ್ದು ಕೇಳ್ದೆ ಬ್ರದರ್. ಪವಿತ್ರಾತ್ಮ ಓಗು ಅನ್ಲಿಲ್ಲ.”

“ಆತ್ಮಕ್ಕೂ ಕೇಜು ಅಂದ್ರೆ ಬಯವಾ ಪಾಸ್ಟ್ರೇ?”

ಪಾಸ್ಟರ್ ತಕ್ಷಣ ಮಾವನ ತಲೆಯ ಮೇಲೆ ಕೈಯಿಟ್ಟು ಅವನೊಳಗಿನ ದೆವ್ವವನ್ನು ಗದರಿಸಿದರು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಅರಸೊತ್ತಿಗೆ, ಪ್ರಜಾಪ್ರಭುತ್ವ, ಏಕವ್ಯಕ್ತಿ ಆಡಳಿತ: ನನ್ನ ಪಠ್ಯಪುಸ್ತಕದ ಮೂರು ಅಧ್ಯಾಯಗಳಿಗೂ ಒಂದೇ ಉತ್ತರ ದೊರೆತಂತಾಯಿತು. ನಾನು ಕೆಂಡವಾಗಿದ್ದೆ. ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿಯಾಗಿಯೂ ಇದ್ದೆ. ಇಷ್ಟು ಅಚ್ಚುಕಟ್ಟಾದ ಅನ್ಯಾಯ ವಿದ್ಯಾರ್ಥಿಗಳಿಗೆ ಸುಲಭವಾಗಿ ಸಿಗುವುದಿಲ್ಲ.

ಸೋಮವಾರ ಮಾವ ತನ್ನ ಆಳುಗಳೊಂದಿಗೆ ಇಳಿದ. ಗುರುಗಳಿರಲಿಲ್ಲ. ಸಂಜೆ ಬಂದವನು ಕೋಳಿಗಳ ಕಡೆ ನೋಡದೆ ಜಗಲಿಯ ಮೇಲೆ ಕುಳಿತ.

“ಪ್ರಾರ್ಥನೆ ಆಯ್ತಾ ಮಾವ?”

“ಆಯ್ತು. ನಾನೇ ಮಾಡ್ದೆ.”

“ಏನಂತ ಮಾಡಿದೆ?”

“ಅಂಥೋಣಿ ಎಸ್ರು ಏಳ್ದೆ. ಅವತ್ತು ಬಂಡೆಗೆ ಕೊಟ್ಟಿದ್ದ ಮರದ ಆನಿಕೆ ಬಿರುಕು ಬಿಟ್ಟಿತ್ತು. ಅವ್ನು ತೋರಿಸ್ದ. ನಾಳೆ ಬದಲಾಯ್ಸಣ, ಇವತ್ತು ಕೆಲ್ಸ ನಡೀಲಿ ಅಂದೆ. ಅದನ್ನ ದೇವ್ರಿಗೆ ಏಳ್ದೆ. ಆಳುಗೊಳೆಲ್ಲಾ ಕೇಳಿಸ್ಕೊಂಡ್ರು.”

ನಾನು ತಂದಿಟ್ಟ ಕಾಳಿನ ಡಬ್ಬಿಯನ್ನು ಮಾವ ಪಕ್ಕಕ್ಕೆ ಸರಿಸಿದ.

“ಗುರುಗೊಳು ಬಂದಿದ್ರೆ ಅವ್ರ ಕಿವೀಲಿ ಏಳಿ ಮುಗಿಸ್ತಿದ್ದೆ. ಬರ್ಲಿಲ್ವಲ್ಲ. ಅಲ್ಲಿಂದ ನೆಟ್ಟಗೆ ರೋಸಮ್ಮನ ಮನೇಗೆ ಓದೆ. ಅವ್ಳಿಗೂ ಏಳ್ದೆ. ಬಾಗ್ಲು ಆಕ್ಕೊಂಡ್ಳು.”

ಆ ಬಾಗಿಲು ಅವನಿಗೆ ಎರಡು ವರ್ಷ ತೆರೆಯಲಿಲ್ಲ. ಅವನನ್ನು ಅಲ್ಲಿಗೆ ಹೋಗೆಂದವರಿಲ್ಲ, ಬೇಡವೆಂದವರಿಲ್ಲ. ಇತ್ತ ಅಯ್ಯನವರ ಕಮಿಟಿ, ತನ್ನ ಸಭೆಯವನು ದೀಕ್ಷೆಯಿಲ್ಲದೆ ಪ್ರಾರ್ಥನೆ ನಡೆಸಿದ್ದಕ್ಕೆ ವಿವರಣೆ ಕೇಳಿ ಅವನಿಗೆ ನೋಟೀಸು ಕಳಿಸಿತು. ಈ ಠರಾವಿಗೆ ಮಾತ್ರ ಎರಡೂ ಕಡೆಯವರು ಕೈ ಎತ್ತಿದರು.

ಬೆಂಗಳೂರಿಗೆ ಮರಳಿ ನಾನೊಂದು ಲೇಖನ ಬರೆದೆ. ಮೂವರು ಗುರುಗಳನ್ನು ಹುರಿದು ಬಡಿಸಿದೆ. ಗೆಳೆಯರು ಬೆನ್ನು ತಟ್ಟಿದರು. ಮಾವನ ಆನಿಕೆಯ ಮಾತನ್ನು ಮಾತ್ರ ಬಿಟ್ಟೆ. ಅವನ ಮಾನ ಕಾಯಲು ಎಂದು ಹೇಳಿಕೊಳ್ಳಬಹುದಿತ್ತು. ಕಾರಣ ಅದಲ್ಲ. ಅದು ಬಂದರೆ ನನ್ನ ವಾದ ಕೆಡುತ್ತಿತ್ತು.

ನಿನ್ನೆ ಭಾನುವಾರ ಅದನ್ನೂ ಸೇರಿಸಿ ಇಲ್ಲಿಯವರೆಗಿನದನ್ನು ಬರೆದುಕೊಂಡು ಹೋಗಿ ಮಾವನಿಗೆ ಓದಿದೆ. “ನಂದೇನಿದೆ, ಪೇಪರ್ನಾಗೆ ಆಕು. ರೋಸಮ್ಮನ್ನ ಕೇಳು” ಎಂದ. ಅದೇ ಗಣಿಯೂರಿನ ಕೋರಮಂಡಲ್‌ನಲ್ಲಿ ಮಗಳ ಮನೆಯಲ್ಲಿರುವ ರೋಸಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಫಾದರರ ಬಿಸ್ಕತ್ತಿಗೂ ನಗಲಿಲ್ಲ, ಆನಿಕೆಗೂ ಅಳಲಿಲ್ಲ.

“ಗುರುಗೊಳ್ದು ಇಷ್ಟುದ್ದ ಬರ್ದಿದ್ದೀಯ. ನಿಮ್ ಮಾವಂದೂ ಬರ್ದಿದ್ದೀಯ. ಸತ್ತಿದ್ದು ನಮ್ಮೆಜಮಾನ್ರು. ಅವ್ರದು ಎರಡೇ ಸಾಲಾ?”

ಇಷ್ಟು ವರ್ಷ ಊರೆಲ್ಲರನ್ನೂ ಉತ್ತರ ಕೇಳಿಕೊಂಡು ತಿರುಗಿದ ನಾನು ನೆಲದ ಮೇಲೆ ಕುಳಿತೆ. “ಹೇಗಿದ್ದರು ಅಕ್ಕ, ಅವರು?” ಎಂದೆ.

ಅವರು ಬೀಜ ಬಿಡಿಸುವುದನ್ನು ನಿಲ್ಲಿಸಿದರು. “ಬರ್ಕೋ. ರಾಗ ಬತ್ತಿರ್ಲಿಲ್ಲ. ಆದ್ರೂ ಹಾಡೋರು.”